ಮನೆಯ ಆರ್.ಓ. ಫಿಲ್ಟರ್: ಕ್ಯಾನಿಗೆ ಯಾವ ನೀರು, ಬಾನಿಗೆ ಯಾವ ನೀರು?



ಕಳೆದ ಬೇಸಿಗೆಯಲ್ಲಿ ಒಬ್ಬ ಸದಸ್ಯೆಯ ಮನೆಯ ಹಾಲು ಸತತ ಮೂರು ದಿನ ಡೈರಿಯಿಂದ ವಾಪಸಾಯಿತು. ಕಾಯಿಸಿದರೆ ಒಡೆಯುತ್ತಿತ್ತು. "ಕೆಚ್ಚಲು ಬಾವು ಇರಬೇಕು, ಬಂದು ನೋಡಿ ಮೇಡಂ" ಎಂದು ಕರೆದರು. ನಾಲ್ಕೂ ಮೊಲೆಗಳ ಹಾಲು ಪರೀಕ್ಷಿಸಿದೆ, ಬಾವು ಇರಲಿಲ್ಲ. ಕ್ಯಾನು ಹೇಗೆ ತೊಳೆಯುತ್ತೀರಿ ಅಕ್ಕ ಎಂದು ಕೇಳಿದೆ. "ಸೋಪು ಹಾಕಿ ತೊಳೆದು, ಕೊನೆಗೆ ಫಿಲ್ಟರ್ ನೀರಲ್ಲೇ ಜಾಲಿಸಿ ಮುಚ್ಚಿಡ್ತೀನಿ" ಅಂದರು. ಅಡುಗೆಮನೆಯ ಗೋಡೆಯಲ್ಲಿದ್ದ ಆರ್.ಓ. ಫಿಲ್ಟರಿನ ಮುಚ್ಚಳ ತೆಗೆಸಿ ಟ್ಯಾಂಕಿನೊಳಗೆ ಬೆರಳಾಡಿಸಿದೆ. ಲೋಳೆ ಕೈಗಂಟಿತು.

ಫಿಲ್ಟರ್ ನೀರು ಶುದ್ಧವೆಂಬ ಅವರ ನಂಬಿಕೆ ತಪ್ಪಲ್ಲ. ಆದರೆ ಫಿಲ್ಟರಿನೊಳಗಿನ ಇದ್ದಿಲು ನೀರಿನಲ್ಲಿರುವ ಕ್ಲೋರಿನ್ ಅನ್ನು ಹೀರಿಬಿಡುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ನಿಂತ ನೀರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಅದೇ ಹಳೆಯ ನೀರು. ಆ ನೀರಿನ ಹನಿಗಳಿರುವ ಕ್ಯಾನನ್ನು ಮುಚ್ಚಿಟ್ಟರೆ ಬೆಳಗಿನೊಳಗೆ ಬ್ಯಾಕ್ಟೀರಿಯಾ ಲೆಕ್ಕವಿಲ್ಲದಷ್ಟಾಗುತ್ತವೆ. ಕ್ಯಾನನ್ನು ವಾಷಿಂಗ್ ಸೋಡಾ, ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ. ಆ ಮನೆಯಲ್ಲಿ ಮಾಡಿದ್ದು ಇಷ್ಟೇ, ಜೊತೆಗೆ ಟ್ಯಾಂಕ್ ಶುಚಿ.

ಟ್ಯಾಂಕ್ ತೊಳೆಯಲು ಮೊದಲು ಪ್ಲಗ್ ಕಿತ್ತು, ಒಳಬರುವ ನೀರಿನ ಕೊಳಾಯಿ ಮುಚ್ಚಿ, ಇದ್ದ ನೀರೆಲ್ಲ ಹರಿಯಬಿಡಿ. ಮೆತ್ತನೆಯ ಬಟ್ಟೆಯಿಂದ ಒಳಗೆಲ್ಲ ಉಜ್ಜಿ. ಕಾಲು ಚಮಚ ಬ್ಲೀಚಿಂಗ್ ಪುಡಿಯನ್ನು ಒಂದು ಚೊಂಬು ನೀರಿಗೆ ಹಾಕಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರನ್ನು ಮಾತ್ರ ಟ್ಯಾಂಕಿಗೆ ಸುರಿದು ಉಳಿದದ್ದನ್ನು ಶುದ್ಧ ನೀರಿನಿಂದ ತುಂಬಿಸಿ. ಏಳೆಂಟು ಲೀಟರಿನ ಟ್ಯಾಂಕಿಗೆ ಇಷ್ಟು ಸಾಕು. ಅರ್ಧ ಗಂಟೆ ಬಿಟ್ಟು ನಲ್ಲಿಯಿಂದಲೇ ಹೊರಬಿಡಿ. ಆಮೇಲೆ ಫಿಲ್ಟರ್ ಚಾಲೂ ಮಾಡಿ, ಎರಡು ಸಲ ಟ್ಯಾಂಕ್ ತುಂಬಿದ ನೀರನ್ನು ಚೆಲ್ಲಿ. ವಾಸನೆ ಹೋದ ಮೇಲೆ ಕುಡಿಯಬಹುದು. ಕ್ಲೋರಿನ್ ತಗುಲಿದರೆ ಒಳಗಿನ ಮೆಂಬ್ರೇನ್ ಹಾಳಾಗುತ್ತದೆ. ಆದ್ದರಿಂದ ಮನೆ ಮೇಲಿನ ಸಿಂಟೆಕ್ಸಿಗೆ ಬ್ಲೀಚಿಂಗ್ ಹಾಕಿದ ದಿನ ಫಿಲ್ಟರಿಗೆ ಬರುವ ಕೊಳಾಯಿ ಮುಚ್ಚಿಡಿ.

ಸರ್ವಿಸ್ ಹುಡುಗನಿಗೆ ಫೋನ್ ಮಾಡುವ ಮುನ್ನ ನೀವೇ ನೋಡಬಹುದಾದವು ಕೆಲವಿವೆ. ನೀರು ಸಣ್ಣಗೆ ಬರುತ್ತಿದ್ದರೆ ಹೊರಗಿನ ಬಟ್ಟಲಿನಲ್ಲಿರುವ ಬಿಳಿ ಕ್ಯಾಂಡಲ್ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದೆಯೇ ನೋಡಿ, ತಿರುಗಿದ್ದರೆ ಬದಲಿಸಿ. ಟ್ಯಾಂಕ್ ತುಂಬಿದ ಮೇಲೂ ಫಿಲ್ಟರ್ ನಿಲ್ಲದೆ ನೀರು ಉಕ್ಕಿದರೆ ಒಳಗಿನ ಫ್ಲೋಟ್ ಸಿಕ್ಕಿಕೊಂಡಿದೆ. ಮೋಟಾರ್ ನಿಂತಿದ್ದರೂ ವೇಸ್ಟ್ ಪೈಪಿನಲ್ಲಿ ನೀರು ಹರಿಯುತ್ತಲೇ ಇದ್ದರೆ ವಾಲ್ವ್ ಹೋಗಿದೆ, ರಾತ್ರಿಯಿಡೀ ಸಿಂಟೆಕ್ಸ್ ಖಾಲಿಯಾಗುವುದು ಇದರಿಂದಲೇ. ಇನ್ನು ಟಿ.ಡಿ.ಎಸ್. ಮೀಟರ್. ಕೊಳವೆಬಾವಿ ನೀರು 1200 ತೋರಿಸಿ ಫಿಲ್ಟರ್ ನೀರು 100ರ ಆಸುಪಾಸಿನಲ್ಲಿದ್ದರೆ ಮೆಂಬ್ರೇನ್ ಚೆನ್ನಾಗಿದೆ. 400 ದಾಟಿದ್ದರೆ ಮೆಂಬ್ರೇನ್ ಸೋತಿದೆ, ಇಲ್ಲವೇ ಯಾರೋ ಒಳಗಿನ ತಿರುಪು ತಿರುಗಿಸಿದ್ದಾರೆ. ರುಚಿ ಬರಲಿ ಎಂದು ಹಸಿ ನೀರನ್ನು ಸ್ವಲ್ಪ ಬೆರೆಸುವ ತಿರುಪು ಅದು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಹಸಿ ನೀರು ಬೆರೆಸಿದರೆ, ಅದರಲ್ಲಿರುವ ಫ್ಲೋರೈಡೂ ವಾಪಸು ಬರುತ್ತದೆ. ತಿರುಪು ಮುಚ್ಚಿಸಿ. ಫ್ಲೋರೈಡ್ ಎಷ್ಟಿದೆ, ಲೋಳೆ ಇದೆಯೇ ಎಂಬುದನ್ನು ಆ ಮೀಟರ್ ಹೇಳುವುದಿಲ್ಲ.

ಈಗ ಹಸುವಿನ ಮಾತು. ವೇಸ್ಟ್ ನೀರು ದಂಡವಾಗಬಾರದೆಂದು ಪೈಪನ್ನು ನೇರವಾಗಿ ಬಾನಿಗೆ ಬಿಟ್ಟಿರುವುದನ್ನು ಎಷ್ಟೋ ಕೊಟ್ಟಿಗೆಗಳಲ್ಲಿ ನೋಡಿದ್ದೇನೆ. ಉಳಿತಾಯದ ಬುದ್ಧಿಯೇ, ಆದರೆ ಲೆಕ್ಕ ಹಾಕಿ. ನಾಲ್ಕು ಲೀಟರ್ ನೀರು ಒಳಹೋಗಿ ಒಂದು ಲೀಟರ್ ಶುದ್ಧವಾಗಿ ಬಂದರೆ, ನಾಲ್ಕು ಲೀಟರಿನ ಉಪ್ಪು, ಫ್ಲೋರೈಡ್ ಹೆಚ್ಚುಕಮ್ಮಿ ಪೂರ್ತಿ ಉಳಿದ ಮೂರು ಲೀಟರಿಗೆ ಸೇರುತ್ತದೆ. ಲೀಟರಿಗೆ 1.8 ಮಿಲಿಗ್ರಾಂ ಇದ್ದ ಫ್ಲೋರೈಡ್ 2.3 ಆಗುತ್ತದೆ. ರಾಸುಗಳ ನೀರಿನಲ್ಲಿ 2 ಮಿಲಿಗ್ರಾಂ ಮೀರಬಾರದು. ಕರೆಯುವ ಮಿಶ್ರತಳಿ ಹಸು ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ. ವರ್ಷಗಟ್ಟಲೆ ಇದೇ ನೀರಾದರೆ ಕರು, ಪಡ್ಡೆಗಳ ಹೊಸ ಹಲ್ಲಿನಲ್ಲಿ ಕಂದು ಗೆರೆ ಬೀಳುತ್ತದೆ, ದೊಡ್ಡ ರಾಸುಗಳು ಮೂಳೆ ಬಿಗಿದು ಕುಂಟುತ್ತವೆ. ಇದಕ್ಕೆ ನನ್ನ ಬಳಿ ಇಂಜೆಕ್ಷನ್ ಇಲ್ಲ.

ಹಾಗೆಂದು ನೀರು ಕಡಿಮೆ ಕುಡಿಸಬೇಡಿ, ಮೊದಲು ಇಳಿಯುವುದು ಹಾಲು. ಕೊಳವೆಬಾವಿ ನೀರನ್ನು ಇದ್ದಂತೆಯೇ ಕೊಡಿ. ಅದರಲ್ಲೇ ಫ್ಲೋರೈಡ್ ಹೆಚ್ಚೆಂದು ಗೊತ್ತಾದರೆ ಮಳೆನೀರು ಹಿಡಿದು ಬೆರೆಸಿ. ವೇಸ್ಟ್ ನೀರು ಕೊಟ್ಟಿಗೆ ನೆಲಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಆಗುತ್ತದೆ. ಕೊನೆಗೆ ಜಾಲಿಸುವುದಕ್ಕೆ ಬೇಡ.

ನಿಮ್ಮ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ತಿಳಿಯಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್‌ನಡಿ ಹಳ್ಳಿಗಳ ಹೆಣ್ಣುಮಕ್ಕಳಿಗೇ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಟ್ಟಿದ್ದಾರೆ. ನಿಮ್ಮ ಸಂಘದ ಸದಸ್ಯೆಯರಲ್ಲೇ ಒಬ್ಬರಿಗೆ ಅದು ಗೊತ್ತಿದ್ದರೂ ಇರಬಹುದು. ಹೋಗುವಾಗ ಎರಡು ಬಾಟಲಿ ಒಯ್ಯಿರಿ: ಒಂದರಲ್ಲಿ ಕೊಳವೆಬಾವಿ ನೀರು, ಇನ್ನೊಂದರಲ್ಲಿ ವೇಸ್ಟ್ ನೀರು. ಬಾಟಲಿಯ ಮೇಲೆ ಯಾವುದು ಯಾವುದೆಂದು ಬರೆಯುವುದನ್ನು ಮರೆಯಬೇಡಿ.