ಬೆಟ್ಟವನ್ನು ತಂದವನ ಊರಿನಲ್ಲಿ ಮೂಲಿಕೆಯ ವಿಚಾರ

ತುಂಗಭದ್ರೆಯ ಉತ್ತರ ದಂಡೆಯಲ್ಲಿ, ಆನೆಗೊಂದಿಯಿಂದ ಸಾಣಾಪುರದ ಕಡೆಗೆ ಸಾಗುವ ಹಾದಿಯಲ್ಲಿ, ಹೆಬ್ಬಂಡೆಗಳ ಅಂಜನಾದ್ರಿಯನ್ನು ಬೆನ್ನಿಗಿಟ್ಟುಕೊಂಡು ಭತ್ತ ಬಾಳೆಗಳ ನಡುವೆ ನೆಲೆಸಿರುವ ಹನುಮನಹಳ್ಳಿಯು, ಆಂಜನೇಯನ ಜನ್ಮಸ್ಥಳವೆಂಬ ನಂಬಿಕೆಯಿಂದ ನಾಡಿನ ಯಾತ್ರಿಕರಿಗೆಲ್ಲ ಚಿರಪರಿಚಿತವಾದುದು. ಸುಮಾರು 575 ಮೆಟ್ಟಿಲುಗಳನ್ನೇರಿ ದರ್ಶನ ಪಡೆದು ಇಳಿಯುವವರಲ್ಲಿ ಸಂಜೀವಿನಿಯ ಕಥೆಯನ್ನು ಅರಿಯದವರು ಇರಲಾರರು. ಆದರೆ ಆ ಕಥೆಯೊಳಗಿನ ವೈದ್ಯಕ್ಕೆ ಸೇರಿದ ಅಂಶವೊಂದನ್ನು ಭಕ್ತಿಯ ಭರದಲ್ಲಿ ನಾವು ದಾಟಿ ಹೋಗುತ್ತೇವೆ. ರಾವಣನ ಶಕ್ತ್ಯಾಯುಧದಿಂದ ಲಕ್ಷ್ಮಣನು ನೆಲಕ್ಕೊರಗಿದಾಗ, ವಿಶಲ್ಯಕರಣಿ, ಸಂಜೀವಕರಣಿ ಮೊದಲಾದ ಮೂಲಿಕೆಗಳನ್ನು ತರುವಂತೆ ವಾನರವೈದ್ಯ ಸುಷೇಣನು ಹನುಮನಿಗೆ ಹೇಳಿ ಕಳುಹಿಸಿದನಷ್ಟೆ. ಸಮುದ್ರವನ್ನೇ ಲಂಘಿಸಿದ ಆ ವೀರನಿಗೆ ಗಿಡದ ಗುರುತು ಹತ್ತಲಿಲ್ಲ. ಕೈಗೆ ಸಿಕ್ಕ ಸೊಪ್ಪನ್ನು ಇದೇ ಇರಬಹುದೆಂದು ಕಿತ್ತು ತರುವ ಸಾಹಸಕ್ಕೆ ಅವನು ಹೋಗದೆ, ಶಿಖರವನ್ನೇ ಹೊತ್ತು ತಂದು ಬಲ್ಲವನ ಮುಂದಿಳಿಸಿದನು. ಆರಿಸಿ, ಅರೆದು, ಮೂಗಿಗೆ ನಸ್ಯವಾಗಿ ಹಿಂಡಿದವನು ಸುಷೇಣ. ಬೆಟ್ಟ ಹೊತ್ತ ಬಲವನ್ನು ಹೊಗಳುವವರು ಅನೇಕರು. ತನಗೆ ತಿಳಿಯದೆಂಬುದನ್ನು ತಿಳಿದಿದ್ದ ಆ ವಿವೇಕವೇ ನನಗೆ ಹೆಚ್ಚಿನದಾಗಿ ತೋರುತ್ತದೆ.

ಆ ಮೂಲಿಕೆ ಯಾವುದಿರಬಹುದೆಂಬ ಕುತೂಹಲ ನಮ್ಮ ಕಾಲದವರನ್ನೂ ಬಿಟ್ಟಿಲ್ಲ. ಕಾದಂಬರಿಕಾರರೂ ಆಗಿರುವ ವಿಜ್ಞಾನಿ ಕೆ. ಎನ್. ಗಣೇಶಯ್ಯನವರು ಆರ್. ವಾಸುದೇವ, ಆರ್. ಉಮಾಶಂಕರ್ ಅವರೊಡಗೂಡಿ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡು, ಸಂಭಾವ್ಯ ಸಸ್ಯಗಳನ್ನು ಜರಡಿ ಹಿಡಿದು ನೋಡಿದರು. ಕೊನೆಯವರೆಗೆ ಉಳಿದವುಗಳಲ್ಲಿ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಎಂಬುದೂ ಒಂದು: ಬೇಸಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿದ್ದು, ನೀರು ಸೋಕಿದರೆ ಹಸುರೇರಿ ಬಿಚ್ಚಿಕೊಳ್ಳುವ ಬಂಡೆಯ ಮೇಲಣ ಗಿಡ. ಗಿಡವು ತಾನು ಮರಳಿ ಅರಳುವುದು ಅದರ ಸ್ವಭಾವವೇ ಹೊರತು, ಅದರ ಕಷಾಯ ಕುಡಿದ ರೋಗಿಯೂ ಎದ್ದು ಕುಳಿತಾನೆಂಬುದಕ್ಕೆ ಪ್ರಮಾಣವಲ್ಲವೆಂಬುದನ್ನು ಮಾತ್ರ ಮರೆಯಲಾಗದು.

ಗುರುತು ತಪ್ಪಿದರೆ ಆಗುವ ಅನರ್ಥಕ್ಕೆ ಪುರಾಣದವರೆಗೆ ಹೋಗಬೇಕಿಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವು ಮನೆಮನೆಯ ಒಲೆಯೇರಿತು. ಅದನ್ನು ಕುಡಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಲು, ಆಯುಷ್ ಮಂತ್ರಾಲಯವು ಆ ತೀರ್ಮಾನವನ್ನೊಪ್ಪದೆ, ಅಮೃತಬಳ್ಳಿಯನ್ನೇ ಹೋಲುವ, ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳುಳ್ಳ ಟಿನೊಸ್ಪೊರಾ ಕ್ರಿಸ್ಪಾ ಎಂಬ ದಾಯಾದಿ ಬಳ್ಳಿಯನ್ನು ಜನ ತಪ್ಪಿ ಬಳಸುವ ಸಂಭವವಿದೆಯೆಂದು ಎಚ್ಚರಿಸಿತು. ವಿವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ, ಬೇಲಿಯ ಮೇಲೆ ಹಬ್ಬಿದ್ದೆಲ್ಲ ಅಮೃತವಲ್ಲವೆಂಬುದಂತೂ ಸಿದ್ಧಿಸುತ್ತದೆ.

ಇಷ್ಟು ಹೇಳಿದುದರಿಂದ ಮನೆಮದ್ದನ್ನು ಹಳಿದಂತಾಗಬಾರದು. ಆಡುಸೋಗೆಯ ಎಲೆಯಲ್ಲಿ ವ್ಯಾಸಿಸಿನ್ ಎಂಬ ಸತ್ತ್ವವಿದ್ದು, ಅದನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಬ್ರೋಮ್‌ಹೆಕ್ಸಿನ್ ಇಂದಿಗೂ ಕೆಮ್ಮಿನ ಔಷಧಗಳಲ್ಲಿ ಸಲ್ಲುತ್ತಿದೆ. ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಜೇನು ಹಿತಕರ, ಅದಕ್ಕೂ ಎಳೆಯ ಕೂಸಿಗಾದರೆ ಅದೇ ಜೇನಿನಿಂದ ಬಾಟ್ಯುಲಿಸಮ್ ಎಂಬ ವಿಷಬಾಧೆಯ ಭಯ. ಆದರೆ ಮನೆಮದ್ದುಗಳಲ್ಲೆಲ್ಲ ನಾನು ಅಗ್ರಪೂಜೆ ಸಲ್ಲಿಸುವುದು ವಾಂತಿಭೇದಿಗೆ ಕೊಡುವ ಉಪ್ಪು ಬೆರೆಸಿದ ಗಂಜಿಗೆ. 1971ರಲ್ಲಿ, ಬಾಂಗ್ಲಾ ನಿರಾಶ್ರಿತರಿಂದ ಕಿಕ್ಕಿರಿದಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೇರಿಸುವ ಲವಣಜಲವು ತೀರುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ ಕುಡಿಸತೊಡಗಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕೂ ಕೆಳಗಿಳಿಯಿತು. ಕರುಳು ಎಷ್ಟೇ ಕೆಟ್ಟಿರಲಿ, ಸಕ್ಕರೆಯ ಜೊತೆಗೂಡಿದ ಉಪ್ಪನ್ನೂ ಅದರ ಬೆನ್ನುಹತ್ತಿ ಬರುವ ನೀರನ್ನೂ ಒಳಕ್ಕೆ ಸೆಳೆದುಕೊಳ್ಳುವ ಬಾಗಿಲೊಂದು ಅದರಲ್ಲಿ ತೆರೆದೇ ಇರುತ್ತದೆ; ಅಕ್ಕಿಯ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವುದರಿಂದ ಗಂಜಿಯೂ ಅದೇ ಬಾಗಿಲನ್ನು ಹೊಗುತ್ತದೆ. ಅಂಗಡಿಯ ಓಆರ್‌ಎಸ್ ಪೊಟ್ಟಣ ದೊರೆಯದೆಡೆ ಒಂದು ಲೀಟರು ಕಾದಾರಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲವೂ ಚಹದ ಚಮಚದ ಮಟ್ಟದ ಅಳತೆ. ಹನುಮನಹಳ್ಳಿಯೂ ಸೇರಿರುವ, ಭತ್ತದ ಕಣಜವೆನಿಸಿದ ಗಂಗಾವತಿಯ ಸೀಮೆಯಲ್ಲಿ ಗಂಜಿಗೇನು ಬರ!

ಕಾಮಣಿಯ ವಿಷಯ ಬೇರೆ. ನೆಲನೆಲ್ಲಿಯ ರಸ ಕುಡಿಸಿ, ಕೆಲವೆಡೆ ಬರೆಯನ್ನೂ ಹಾಕಿಸಿ, ಕಣ್ಣಿನ ಹಳದಿ ಇಳಿದಾಗ ಔಷಧ ಕೊಟ್ಟವರಿಗೆ ಕೀರ್ತಿ ಬರುವುದುಂಟು. ಕಲುಷಿತ ನೀರಿನಿಂದ ಬರುವ ಕಾಮಣಿಯಾದರೋ ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯತಕ್ಕದ್ದು. ನೆಲನೆಲ್ಲಿಯನ್ನು ವಿಜ್ಞಾನವು ಪರೀಕ್ಷಿಸದೆ ಬಿಟ್ಟಿತೆಂದೇನೂ ಅಲ್ಲ: ಹೆಪಟೈಟಿಸ್ ಬಿ ವಾಹಕರಲ್ಲಿ ಅದು ಫಲಕಾರಿಯೆಂದು ಮದ್ರಾಸಿನ ವೈದ್ಯರು 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದಾಗ ಲೋಕವೇ ಕಿವಿ ನಿಮಿರಿಸಿತು, ಅನಂತರದ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ಬರೆಗಂತೂ ಸಮರ್ಥನೆಯೇ ಇಲ್ಲ.

ಇನ್ನು ಹಾವಿನ ವಿಷ. ಹದಿನಾಲ್ಕನೆಯ ಶತಮಾನದಲ್ಲಿ, ಹೊಳೆಯಾಚೆಯ ವಿಜಯನಗರವು ತಲೆಯೆತ್ತುತ್ತಿದ್ದ ಕಾಲದಲ್ಲಿ, ಮಂಗರಾಜನೆಂಬ ಜೈನಕವಿಯು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿ, ಸ್ಥಾವರ ಜಂಗಮ ವಿಷಗಳನ್ನು ವಿಂಗಡಿಸಿ ಚಿಕಿತ್ಸೆ ಹೇಳಿದನು. ನಮ್ಮ ಭಾಷೆಗೆ ಅದು ಹೆಮ್ಮೆಯ ಕೃತಿ. ಆದರೆ ನಾಟಿಯ ಗದ್ದೆಯಲ್ಲಿ ಕಚ್ಚಿಸಿಕೊಂಡವನಿಗೆ ಓದಿ ಹೇಳುವ ಕೃತಿಯಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಕುದುರೆಯ ರಕ್ತದಿಂದ ಸಿದ್ಧಪಡಿಸಿದ ಪ್ರತಿವಿಷವುಂಟು, ಮತ್ತು ಅದರ ಸ್ಥಾನವನ್ನು ಯಾವ ಬೇರೂ ತುಂಬಿಲ್ಲ. 2024ರ ಆರಂಭದಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ. ಹನುಮನಹಳ್ಳಿಯವರಿಗೆ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಡಾಂಬರು ರಸ್ತೆಯಿದೆ. ಗಾಯವನ್ನು ಕೊಯ್ಯದೆ, ಹಗ್ಗ ಬಿಗಿಯದೆ, ಸೊಪ್ಪು ಅರೆಯುತ್ತ ಕೂರದೆ, ಕಚ್ಚಿಸಿಕೊಂಡ ಕೈಯನ್ನೋ ಕಾಲನ್ನೋ ಅಲುಗಿಸದಂತೆ ಹಿಡಿದು ಮೊದಲು ಸಿಕ್ಕ ವಾಹನದಲ್ಲಿ ಹೊರಡತಕ್ಕದ್ದು.