ಆಜ್ ದೇಶ: ಪುಸ್ತಕದಲ್ಲಿಯೂ ಪರದೆಯ ಮೇಲೆಯೂ

ಮಕ್ಕಳಿಗಾಗಿ ಬರೆದ ಕಥೆಯೊಂದನ್ನು ಚಲಚ್ಚಿತ್ರವನ್ನಾಗಿ ಮಾರ್ಪಡಿಸುವಾಗ ಏನನ್ನು ಬದಲಾಯಿಸಬಹುದು, ಏನನ್ನು ಬದಲಾಯಿಸಬಾರದು ಎಂಬ ಪ್ರಶ್ನೆಯು ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಪಟ್ಟುದು. ಈಗಿನ ಮಕ್ಕಳಲ್ಲಿ ಬಹುಮಂದಿ ಕಥೆಯನ್ನು ಮೊದಲು ಕಾಣುವುದು ಪರದೆಯ ಮೇಲೆ. ಪುಸ್ತಕವು ಕೈಗೆ ಬಂದರೆ ಆಮೇಲೆ ಬರುವುದು, ಅನೇಕರಿಗೆ ಬಾರದೆಯೂ ಹೋಗುವುದು. ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ 1939ರಲ್ಲಿ ಅಮೆರಿಕಾದ ಮೆಟ್ರೋ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯವರು ಹೊರತಂದ ‘ದಿ ವಿಝರ್ಡ್ ಆಫ್ ಆಜ್’ ಎಂಬ ಚಿತ್ರಕ್ಕಿಂತ ತಕ್ಕ ನಿದರ್ಶನವು ನಮಗೆ ತೋರುವುದಿಲ್ಲ.

ಮೂಲಗ್ರಂಥವನ್ನು ಬರೆದವರು ಎಲ್. ಫ್ರಾಂಕ್ ಬಾಮ್ ಎಂಬವರು. ಅದು 1900ರಲ್ಲಿ ಡೆನ್ಸ್‌ಲೋ ಎಂಬ ಚಿತ್ರಕಾರರ ಬಣ್ಣದ ಚಿತ್ರಗಳೊಡನೆ ಪ್ರಕಟವಾಯಿತು. ಬಾಮ್ ಅವರು ಅದಕ್ಕೆ ಮೊದಲು ನಾಟಕ, ಅಂಗಡಿ, ವೃತ್ತಪತ್ರಿಕೆ, ಊರೂರು ತಿರುಗಿ ಸರಕು ಮಾರುವ ಉದ್ಯೋಗ ಇವೆಲ್ಲವನ್ನೂ ಮಾಡಿ ನೋಡಿದವರು. ಅಂಗಡಿಯ ಗಾಜಿನ ಹಿಂದೆ ಸಾಮಾನುಗಳನ್ನು ಕಣ್ಸೆಳೆಯುವಂತೆ ಜೋಡಿಸುವ ಕಲೆಗೆಂದೇ ಒಂದು ಪತ್ರಿಕೆಯನ್ನು ನಡೆಸಿದವರು. ಕಥೆಯನ್ನು ಅರಿಯದ ವಾಚಕರಿಗಾಗಿ ಎರಡು ಮಾತು: ತಾಯಿತಂದೆಗಳಿಲ್ಲದ ಡೊರೊತಿ ಎಂಬ ಹುಡುಗಿಯು ಕ್ಯಾನ್ಸಾಸ್ ಪ್ರಾಂತ್ಯದ ಬಯಲಿನಲ್ಲಿ ಚಿಕ್ಕಪ್ಪ ಚಿಕ್ಕಮ್ಮಂದಿರ ಮನೆಯಲ್ಲಿರುವಳು. ಸುಂಟರಗಾಳಿಯೊಂದು ಮನೆಯನ್ನೇ ಎತ್ತಿಕೊಂಡು ಹೋಗಿ, ಅವಳನ್ನೂ ಅವಳ ನಾಯಿಯನ್ನೂ ಆಜ್ ಎಂಬ ದೇಶದಲ್ಲಿ ಇಳಿಸುವುದು. ಮನೆಗೆ ಮರಳುವ ದಾರಿಯನ್ನು ಅಲ್ಲಿನ ಮಹಾಮಾಂತ್ರಿಕನೊಬ್ಬನಲ್ಲಿ ಕೇಳುವುದಕ್ಕೆಂದು ಅವಳು ಹೊರಡುವಳು. ಬುದ್ಧಿ ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ ಈ ಮೂವರು ದಾರಿಯಲ್ಲಿ ಜೊತೆಗೂಡುವರು. ಮಾಂತ್ರಿಕನಾದರೋ ಕಡೆಗೆ ಬರಿಯ ಕಣ್ಕಟ್ಟಿನವನೆಂದು ತಿಳಿದುಬರುವುದು.

ಬಾಮ್ ಅವರು ಮೊದಲನೆಯ ಪುಟಗಳಲ್ಲಿಯೇ ಕ್ಯಾನ್ಸಾಸಿನ ಬೂದುಬಣ್ಣವನ್ನು ಮತ್ತೆ ಮತ್ತೆ ಹೇಳುವರು. ನೆಲವೂ ಬೂದು, ಬಿಸಿಲಿಗೆ ಬೆಂದ ಹುಲ್ಲೂ ಬೂದು, ಮನೆಯೂ ಬೂದು. ಕಡೆಗೆ ಚಿಕ್ಕಮ್ಮನ ಕಣ್ಣು ಕೆನ್ನೆಗಳೂ ಅದೇ ಬಣ್ಣಕ್ಕೆ ತಿರುಗಿವೆ. ಮಳೆಯಿಲ್ಲದ ಸೀಮೆಯಲ್ಲಿ ಸಂಸಾರ ಮಾಡಿದವರ ಮಾತು ಇದು. ಬಾಮ್ ಅವರು ದಕ್ಷಿಣ ಡಕೋಟದಲ್ಲಿ ಅಂಗಡಿಯಿಟ್ಟು ನಷ್ಟಪಟ್ಟವರು. ಚಿತ್ರದವರು ಈ ಮಾತನ್ನು ಚೆನ್ನಾಗಿ ಗ್ರಹಿಸಿದರು. ಕ್ಯಾನ್ಸಾಸಿನ ಭಾಗವೆಲ್ಲ ಕಂದುಛಾಯೆಯಲ್ಲಿದೆ. ಡೊರೊತಿಯು ಬಾಗಿಲನ್ನು ತೆರೆದೊಡನೆ ಆಜ್ ದೇಶವು ಬಣ್ಣಬಣ್ಣವಾಗಿ ಎದುರಿಗೆ ನಿಲ್ಲುವುದು. ಇದನ್ನು ಸಾಧಿಸಿದ ಉಪಾಯವು ಬಹು ಸರಳವಾದುದು: ಮನೆಯೊಳಗಣ ಗೋಡೆ ಬಾಗಿಲುಗಳಿಗೆ ಕಂದುಬಣ್ಣ ಬಳಿದು, ಕಂದು ಉಡುಪಿನ ಬೇರೊಬ್ಬ ಹೆಂಗಸಿನಿಂದ ಬಾಗಿಲನ್ನು ತೆಗೆಯಿಸಿ, ಅದೆಲ್ಲವನ್ನೂ ಬಣ್ಣದ ಛಾಯಾಯಂತ್ರದಲ್ಲಿಯೇ ಹಿಡಿದರು. ಅವಳು ಪಕ್ಕಕ್ಕೆ ಸರಿದಳು. ನೀಲಿಯ ಉಡುಪಿನ ಜೂಡಿ ಗಾರ್ಲಂಡ್ ಹೊರಕ್ಕೆ ಕಾಲಿಟ್ಟಳು. ಸುಂಟರಗಾಳಿಯೂ ಹಾಗೆಯೇ, ಅದು 35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಚೀಲ. ಮೇಲಿನಿಂದ ತೂಗುಹಾಕಿ, ತಿರುಗಿಸಿ, ಮಣ್ಣಿನ ಪುಡಿಯನ್ನು ಊದಿಸಿದರು. ಇಂದಿಗೂ ನೋಡಿದವರ ಎದೆ ಝಲ್ಲೆನ್ನುವುದು.

ಪುಸ್ತಕದಲ್ಲಿ ಡೊರೊತಿಗೆ ದೊರೆಯುವ ಮಂತ್ರದ ಪಾದರಕ್ಷೆಗಳು ಬೆಳ್ಳಿಯವು. ಚಿತ್ರದಲ್ಲಿ ಮಾಣಿಕ್ಯದವು. ಹೊಸ ಬಣ್ಣದ ಚಿತ್ರಕ್ಕೆ ಬೆಳ್ಳಿಗಿಂತ ಕೆಂಪು ಹೆಚ್ಚು ಒಪ್ಪುವುದೆಂಬುದೇ ಇದಕ್ಕೆ ಕಾರಣ. ಇದರಲ್ಲಿ ನಮ್ಮ ಆಕ್ಷೇಪಣೆಯೇನೂ ಇಲ್ಲ. ಹಳದಿಯ ದಾರಿಯ ಮೇಲೆ ಕೆಂಪು ಹೆಜ್ಜೆ ನಡೆಯುವುದನ್ನು ಕಂಡ ಕಣ್ಣಿಗೆ ಬೆಳ್ಳಿಯ ನೆನಪಾಗದು. ಆ ಜೋಡುಗಳಲ್ಲಿ ಒಂದು ವಾಷಿಂಗ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 2005ರಲ್ಲಿ ಕಳುವಾಗಿ 2018ರಲ್ಲಿ ಸಿಕ್ಕಿದ ಮತ್ತೊಂದು ಜೋಡು 2024ರ ಹರಾಜಿನಲ್ಲಿ ಶುಲ್ಕವೂ ಸೇರಿ 3 ಕೋಟಿ 25 ಲಕ್ಷ ಡಾಲರುಗಳಿಗೆ ಹೋಯಿತು. ಇಡೀ ಚಿತ್ರಕ್ಕೆ ಅಂದು ತಗಲಿದ ವೆಚ್ಚ ಸುಮಾರು 28 ಲಕ್ಷ ಡಾಲರು!

ಹಸುರು ಕನ್ನಡಕದ ಪ್ರಸಂಗವನ್ನು ಬಿಟ್ಟುದು ಮಾತ್ರ ನಮಗೆ ನಷ್ಟವೆಂದೇ ತೋರುವುದು. ಪುಸ್ತಕದಲ್ಲಿ ಪಚ್ಚೆಯ ಪಟ್ಟಣವನ್ನು ಹೊಗುವವರೆಲ್ಲರ ಕಣ್ಣಿಗೂ ಬಾಗಿಲ ಕಾವಲುಗಾರನು ಹಸುರು ಕನ್ನಡಕವನ್ನು ತೊಡಿಸಿ ಬೀಗ ಹಾಕುವನು. ಪಟ್ಟಣವು ಬೇರೆ ಊರುಗಳಿಗಿಂತ ಹೆಚ್ಚು ಹಸುರಾಗಿಲ್ಲವೆಂದು ಮಾಂತ್ರಿಕನೇ ಕಡೆಗೆ ಒಪ್ಪಿಕೊಳ್ಳುವನು. ಅಂಗಡಿಯ ಗಾಜನ್ನು ಸಿಂಗರಿಸಿ ಬಲ್ಲವರಲ್ಲದೆ ಇನ್ನಾರು ಇದನ್ನು ಬರೆದಾರು! ಆದರೆ ಬಣ್ಣವನ್ನೇ ಬಂಡವಾಳವಾಗಿಟ್ಟುಕೊಂಡು ಹೊರಟ ಚಿತ್ರವು, ಬಣ್ಣವೆಲ್ಲ ಕನ್ನಡಕದ ಮೋಸವೆನ್ನುವ ಅಧ್ಯಾಯವನ್ನು ಹೇಗೆ ತಾನೆ ಸೇರಿಸಿಕೊಂಡೀತು?

ಆ ಬಣ್ಣಕ್ಕಾಗಿ ನಟರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಛಾಯಾಯಂತ್ರಕ್ಕೆ ಬೇಕಾದ ದೀಪಗಳ ಕಾವಿನಿಂದ ಒಳಗಿನ ಶಾಖವು 100 ಡಿಗ್ರಿ ಫ್ಯಾರನ್‌ಹೀಟನ್ನು ಮೀರುತ್ತಿದ್ದಿತು. ಅದರಲ್ಲಿ ಬರ್ಟ್ ಲಾರ್ ಎಂಬ ನಟನು ನಿಜವಾದ ಸಿಂಹದ ತೊಗಲನ್ನು ಹೊದ್ದು ಕುಣಿಯಬೇಕಾಗಿದ್ದಿತು. ತಗಡಿನ ಮನುಷ್ಯನ ವೇಷಕ್ಕೆ ಮೊದಲು ಗೊತ್ತಾದ ಬಡ್ಡಿ ಎಬ್ಸೆನ್ ಎಂಬಾತನು ಮುಖಕ್ಕೆ ಹಚ್ಚಿದ ಅಲ್ಯೂಮಿನಿಯಮ್ ಪುಡಿಯನ್ನು ಉಸಿರಾಡಿ ಆಸ್ಪತ್ರೆಯನ್ನು ಸೇರಿದನು. ಆ ಪಾತ್ರವು ಜಾಕ್ ಹೇಲಿ ಎಂಬವನ ಪಾಲಿಗೆ ಬಂದಿತು. ಮಾಟಗಾತಿಯ ಪಾತ್ರವನ್ನು ವಹಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಅವರಿಗೆ 1938ರ ಡಿಸೆಂಬರಿನಲ್ಲಿ, ಬೆಂಕಿಯ ನಡುವೆ ಮಾಯವಾಗುವ ದೃಶ್ಯದಲ್ಲಿ, ಮುಖವೂ ಕೈಯೂ ಸುಟ್ಟವು. ಅವರ ಮುಖದ ಹಸುರುಬಣ್ಣದಲ್ಲಿ ತಾಮ್ರವಿದ್ದಿತಾದ ಕಾರಣ, ಸುಟ್ಟ ಚರ್ಮದ ಮೇಲಿನಿಂದಲೇ ಅದನ್ನು ತೊಡೆದು ತೆಗೆಯಬೇಕಾಯಿತು. ಆರು ವಾರಗಳನಂತರ ಆಕೆ ಕೆಲಸಕ್ಕೆ ಮರಳಿದರು; ಬೆಂಕಿಯ ಹತ್ತಿರ ಮಾತ್ರ ಮತ್ತೆ ಹೋಗಲೊಪ್ಪಲಿಲ್ಲ.

ಈಕೆಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಬಾಮ್ ಅವರು ತಮ್ಮ ಮುನ್ನುಡಿಯಲ್ಲಿ, ಹಳೆಯ ಕಥೆಗಳ ಸಂತೋಷವನ್ನಿಟ್ಟುಕೊಂಡು ಭಯವನ್ನು ಬಿಡುವುದೇ ತಮ್ಮ ಉದ್ದೇಶವೆಂದಿದ್ದರು. ಅವರ ಮಾಟಗಾತಿಯು ಒಂದೆರಡು ಅಧ್ಯಾಯಗಳಲ್ಲಿ ಬಂದು ಹೋಗುವವಳು. ಚಿತ್ರದಲ್ಲಿ ಅವಳು ಮೊದಲಿನಿಂದ ಬೆನ್ನಟ್ಟುವಳು. ಅಷ್ಟು ಭಯಂಕರಳಾದಳೆಂದು ಕೆಲವು ತುಣುಕುಗಳನ್ನು ಸಂಸ್ಥೆಯವರೇ ಕತ್ತರಿಸಿದರು. 1956ರಲ್ಲಿ ದೂರದರ್ಶನದಲ್ಲಿ ಮೊದಲಬಾರಿಗೆ ತೋರಿಸಿದ ಮೇಲೆ ಚಿತ್ರವು ಮನೆಮನೆಗೆ ಬಂದಿತು. ಭಯವೂ ಅದರೊಡನೆ ಬಂದಿತು. ಹ್ಯಾಮಿಲ್ಟನ್ ಅವರಾದರೋ ನಟಿಯಾಗುವ ಮೊದಲು ಶಿಶುವಿಹಾರದ ಉಪಾಧ್ಯಾಯಿನಿಯಾಗಿದ್ದವರು. 1975ರಲ್ಲಿ ಆಕೆ ಫ್ರೆಡ್ ರಾಜರ್ಸ್ ಅವರ ಮಕ್ಕಳ ಕಾರ್ಯಕ್ರಮಕ್ಕೆ ಬಂದು, ಸಾಧಾರಣ ಉಡುಪಿನಲ್ಲಿ ಮಾತನಾಡುತ್ತ, ಮಾಟಗಾತಿಯ ಕಪ್ಪು ಉಡುಪನ್ನೂ ಟೋಪಿಯನ್ನೂ ಒಂದೊಂದಾಗಿ ತೊಟ್ಟು ತೋರಿಸಿದರು. ಇದೆಲ್ಲ ವೇಷವೆಂಬುದನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ಕಂಡರು. ಎಳೆಯ ಮಕ್ಕಳಿಗೆ ಚಿತ್ರವನ್ನು ತೋರಿಸುವ ತಾಯಿತಂದೆಗಳು ಈಕೆಯ ಕ್ರಮವನ್ನು ಅನುಸರಿಸಿದರೆ ಒಳ್ಳೆಯದು: ಮೊದಲು ಆಕೆಯ ನಿಜವಾದ ಮುಖದ ಭಾವಚಿತ್ರವನ್ನು ತೋರಿಸಿ, ಆಮೇಲೆ ಮಾಟಗಾತಿಯನ್ನು ತೋರಿಸುವುದು.

ಇಷ್ಟೆಲ್ಲವನ್ನೂ ನಾವು ಒಪ್ಪಿಕೊಳ್ಳಬಲ್ಲೆವು. ಒಪ್ಪಲಾರದುದು ಮುಕ್ತಾಯವನ್ನು. ಚಿತ್ರದಲ್ಲಿ ಡೊರೊತಿಯು ಕಣ್ದೆರೆಯುವಾಗ ಹಾಸಿಗೆಯಲ್ಲಿರುವಳು. ತಲೆಗೆ ಪೆಟ್ಟುಬಿದ್ದು ಕಂಡ ಕನಸು ಅದು. ಬೆದರುಬೊಂಬೆ, ತಗಡಿನವ, ಸಿಂಹ ಮೂವರೂ ಹೊಲದ ಆಳುಗಳೇ, ಮಾಟಗಾತಿಯು ನೆರೆಯ ಸಿಡುಕಿಯೇ. ಹೊಲದಲ್ಲಿ ಕಂಡ ಮುಖಗಳೇ ವೇಷ ಬದಲಾಯಿಸಿ ಬರುವುದನ್ನು ಬಹು ಜಾಣತನದಿಂದ ಹೊಂದಿಸಿರುವರೆಂಬುದು ನಿಜ. ಆದರೆ ಅದು ನಿಜವಾದ ದೇಶವೆಂದು ಹುಡುಗಿಯು ಹೇಳಿದರೆ, ಹಾಸಿಗೆಯ ಸುತ್ತ ನಿಂತ ಹಿರಿಯರು ಮುಗುಳುನಗುವರು. ಮಗುವಿನ ಮಾತನ್ನು ನಂಬದ ಹಿರಿಯರ ಪಕ್ಷವನ್ನೇ ಚಿತ್ರವು ಹಿಡಿದಂತಾಯಿತು. ಮನೆಗೆ ಮರಳಲು ಅವಳು ಪಟ್ಟ ಕಷ್ಟವೆಲ್ಲವೂ ಹಾಸಿಗೆಯಿಂದಲೇ ಏಳದವಳ ಕಷ್ಟವಾಗಿ ಉಳಿಯಿತು.

ಬಾಮ್ ಅವರು ಹಾಗೆ ಮಾಡಲಿಲ್ಲ. ಪುಸ್ತಕದ ಕಡೆಯಲ್ಲಿ ಡೊರೊತಿಯು ಹುಲ್ಲಿನ ಮೇಲೆ ಬಂದು ಬೀಳುವಳು. ಬೆಳ್ಳಿಯ ಪಾದರಕ್ಷೆಗಳು ದಾರಿಯ ಮರುಭೂಮಿಯಲ್ಲಿ ಕಳಚಿಬಿದ್ದು, ಕಾಲಿನಲ್ಲಿ ಕಾಲುಚೀಲ ಮಾತ್ರ ಉಳಿದಿರುವುದು. ಎದುರಿಗೆ ಇರುವುದು ಹಳೆಯ ಮನೆಯಲ್ಲ. ಅದನ್ನು ಗಾಳಿ ಒಯ್ದಿತಷ್ಟೆ! ಚಿಕ್ಕಪ್ಪನು ಕಟ್ಟಿದ ಹೊಸ ಮನೆ ಅದು. ಚಿಕ್ಕಮ್ಮನು ಎಲೆಕೋಸಿನ ಗಿಡಗಳಿಗೆ ನೀರೆರೆಯುವುದಕ್ಕೆಂದು ಆಗತಾನೆ ಹೊರಕ್ಕೆ ಬಂದಿರುವಳು. ಹುಡುಗಿಯನ್ನು ಕಂಡು ತಬ್ಬಿಕೊಂಡು, ಎಲ್ಲಿಂದ ಬಂದೆಯೆಂದು ಕೇಳುವಳು. ಆಜ್ ದೇಶದಿಂದ ಎಂದು ಡೊರೊತಿಯು ಹೇಳುವಳು. ಕನಸೆಂದು ಅಲ್ಲಿ ಯಾರೂ ಅನ್ನುವುದಿಲ್ಲ. ಚಿತ್ರವನ್ನು ನೋಡಿದ ಮಗುವು ‘ಹಾಗಾದರೆ ಅದೆಲ್ಲ ಸುಳ್ಳೇ?’ ಎಂದು ಕೇಳಿದಾಗ ಆ ಕಡೆಯ ಪುಟವನ್ನು ಓದಿ ಹೇಳಬಹುದು. ಅದೂ ಸಾಲದೆಂದರೆ, 1910ರಲ್ಲಿ ಬಂದ ಆರನೆಯ ಆಜ್ ಪುಸ್ತಕವಿದೆ. ಅದರಲ್ಲಿ ಆ ಹೊಸ ಮನೆಯ ಮೇಲಣ ಸಾಲವನ್ನು ತೀರಿಸಲಾರದೆ, ಚಿಕ್ಕಪ್ಪ ಚಿಕ್ಕಮ್ಮಂದಿರಿಬ್ಬರೂ ಡೊರೊತಿಯೊಡನೆ ಆಜ್ ದೇಶಕ್ಕೇ ಹೋಗಿ ನೆಲಸುವರು.