ದೋಣಿ ಒಂದು, ನೀರು ಲಕ್ಷ ಲೀಟರ್

ಇಂಗ್ಲೆಂಡಿನ ಹಳ್ಳಿಗಾಡಿನ ಕಾಲುವೆಗಳಲ್ಲಿ ರಜೆಯ ದಿನ ಪುಟ್ಟ ದೋಣಿ ಇಳಿಸಿ ಹುಟ್ಟು ಹಾಕುತ್ತ ಹೋಗುವವರಿಗೆ ಅವಸರವೇ ಇರುವುದಿಲ್ಲ. ಯಂತ್ರದ ದೋಣಿಗೂ ಅಲ್ಲಿ ಗಂಟೆಗೆ 4 ಮೈಲಿ, ಅಂದರೆ 6.4 ಕಿ.ಮೀ. ಮೀರುವಂತಿಲ್ಲ. ಮೈಸೂರಿನ ಸುತ್ತಮುತ್ತಲೂ ನಾಲೆಗಳಿಗೇನು ಬರವಿಲ್ಲ. ವಿ.ಸಿ. ನಾಲೆ, ವರುಣಾ ನಾಲೆ, ವಿರಿಜಾ, ಚಿಕ್ಕದೇವರಾಯಸಾಗರ, 17ನೇ ಶತಮಾನದ ಬಂಗಾರದೊಡ್ಡಿ, ಎಲ್ಲವೂ ಇವೆ. ದೋಣಿವಿಹಾರಕ್ಕೆ ಮಾತ್ರ ಒಂದೂ ಒದಗುವುದಿಲ್ಲ.

ನಮ್ಮ ನಾಲೆ ತೋಡಿದ್ದು ಗದ್ದೆಗಾಗಿ. ತೂಬಿನಿಂದ ಬಿಟ್ಟ ನೀರು ಕೊನೆಯ ಭಾಗದ ರೈತನಿಗೆ ಮುಟ್ಟಬೇಕಾದರೆ ಅದು ಓಡಲೇಬೇಕು. ಇಂಗ್ಲೆಂಡಿನವರದು ಸರಕು ಸಾಗಣೆಯ ಕಾಲುವೆ, ಅಲ್ಲಿ ನೀರು ನಿಲ್ಲಬೇಕು. ನಿಂತ ನೀರಿನ ಮೇಲೆ 25–30 ಟನ್ ಹೊತ್ತ ದೋಣಿಯನ್ನು ಒಂದೇ ಕುದುರೆ ಎಳೆಯುತ್ತಿತ್ತು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದ ಮೇಲೆ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕೆ ಇಳಿಯಿತು.

ದಿಣ್ಣೆ ಎದುರಾದರೆ? ಅದಕ್ಕೆ ಲಾಕ್ ಇದೆ. ಎರಡು ಕದಗಳ ನಡುವಿನ ಕಲ್ಲಿನ ತೊಟ್ಟಿ ಅದು. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಕದ ಮುಚ್ಚಿ, ಕೈಹಿಡಿ ತಿರುಗಿಸಿ ಮೇಲಿನ ಕಿಂಡಿ ತೆಗೆದರೆ ತೊಟ್ಟಿ ತುಂಬುತ್ತ ದೋಣಿಯೂ ಏರುತ್ತದೆ. ಕಿರಿದಾದ ಲಾಕಿನ ಉದ್ದ 72 ಅಡಿ, ಅಗಲ 7 ಅಡಿ ಎಂದಿಟ್ಟುಕೊಳ್ಳಿ. 7 ಅಡಿ ಏರಲು 3,528 ಘನ ಅಡಿ ನೀರು ಬೇಕು, ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಕೆ.ಆರ್.ಎಸ್. ಲೆಕ್ಕದಲ್ಲಿ ಹೇಳುವುದಾದರೆ ಒಂದು ಕ್ಯೂಸೆಕ್ ಒಂದು ಗಂಟೆ ಹರಿದಷ್ಟು.

ಈ ಲೆಕ್ಕವನ್ನು ಮೈಸೂರಿಗೆ ತರೋಣ. 19ನೇ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯ ನಾಲೆ ತೋಡಿಸಿ ಕಾವೇರಿಯನ್ನು ಊರಿಗೆ ತರಲು ಹೊರಟರು, ಕೈಗೂಡಲಿಲ್ಲ. ಭರ್ತಿಯಾದ ಕೆ.ಆರ್.ಎಸ್. ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 752 ಮೀಟರ್, ಮೈಸೂರು ಸುಮಾರು 770. ಹೊಂಗಳ್ಳಿ, ಬೆಳಗೊಳ, ಮೇಳಾಪುರದಲ್ಲಿ ಪಂಪುಗಳು ದುಡಿಯುವುದು ಅದಕ್ಕೇ. 18 ಮೀಟರ್ ಎಂದರೆ 59 ಅಡಿ. ಒಂಬತ್ತು ಲಾಕ್ ಕಟ್ಟಿದರೆ ಅಣೆಕಟ್ಟೆಯಿಂದ ಊರಿಗೆ ದೋಣಿಯಲ್ಲೇ ಬರಬಹುದು! ಇಂಗ್ಲೆಂಡಿನ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು 237 ಅಡಿ ಏರಿಸುತ್ತವೆ, ಅದರ ಮುಂದೆ ನಮ್ಮದು ಏನೂ ಅಲ್ಲ.

ಖರ್ಚು ಇರುವುದು ಕಲ್ಲಿನಲ್ಲಲ್ಲ, ನೀರಿನಲ್ಲಿ. ಮೇಲೇರುವ ಪ್ರತಿ ದೋಣಿಗೂ ಮೇಲಿನಿಂದ ಸುಮಾರು ಒಂದು ಲಾಕಿನಷ್ಟು ನೀರು ಕೆಳಗಿಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನ ಸರ್ಕಾರಿ ಮಾನದಂಡ ಹಿಡಿದರೆ ಅದು 740 ಜನರ ಒಂದು ದಿನದ ನೀರು. ಕೇನ್ ಹಿಲ್‌ನಲ್ಲಿ ಇಳಿದ ನೀರನ್ನು ಮತ್ತೆ ಮೇಲೆತ್ತಲು 1996ರಲ್ಲಿ ಹಾಕಿದ ಪಂಪಿನ ಸಾಮರ್ಥ್ಯ ದಿನಕ್ಕೆ 3.2 ಕೋಟಿ ಲೀಟರ್. 2011ರ ಜನಗಣತಿಯ ಮೈಸೂರಿನ ಕಾಲು ಭಾಗಕ್ಕೆ ಅಷ್ಟು ಸಾಕು. ಕಾವೇರಿಗಾಗಿ ಕೋರ್ಟು ಹತ್ತುವ ನಾವು ಇಂಥ ಶೋಕಿಗೆ ಒಪ್ಪುತ್ತೇವೆಯೇ?

ಹುಟ್ಟು ಹಾಕುವ ಪುಟ್ಟ ದೋಣಿಯವರು ಮಾತ್ರ ಈ ಲೆಕ್ಕದ ಹೊರಗೆ. ಲಾಕ್ ಬಂದ ಕಡೆ ದಡಕ್ಕೆ ಹತ್ತಿ, ದೋಣಿಯನ್ನು ಹೊತ್ತು ನಡೆದು, ಆಚೆಗೆ ಇಳಿಸುತ್ತಾರೆ. ನೀರಿನ ಖರ್ಚು ಸೊನ್ನೆ.

ಹಾಗಾದರೆ ನಮ್ಮ ನಾಲೆಗೆ ಅದನ್ನೇ ಇಳಿಸಬಾರದೇ ಎಂದರೆ, ಬೇಡವೇ ಬೇಡ. ಸೆಳೆತ ಜೋರು, ದಡ ಕಡಿದು. ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ ಉರುಳಿ 30 ಜನ ಸತ್ತರು. ಸಾಲದ್ದಕ್ಕೆ ಕಟ್ಟುಪದ್ಧತಿ: ಸರದಿ ಮುಗಿದರೆ ನಾಲೆಯಲ್ಲಿ ನೀರೇ ಇಲ್ಲ.

ನಿಧಾನದ ನೀರು ಬೇಕಾದವರು 55 ಹೆಕ್ಟೇರ್ ನೀರಿನ ಹರವಿರುವ ಕಾರಂಜಿ ಕೆರೆಗೆ ಹೋಗಲಿ. ಇಲ್ಲವೇ ರಂಗನತಿಟ್ಟಿಗೆ. 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಜಾಗದಲ್ಲಿ ಹುಟ್ಟು ಅರಣ್ಯ ಇಲಾಖೆಯ ಅಂಬಿಗರ ಕೈಯಲ್ಲೇ ಇರುತ್ತದೆ. ನೀರಿನಲ್ಲಿ ಮೊಸಳೆಗಳಿರುವುದರಿಂದ ಅದೇ ವಾಸಿ.